ಗೊಂಬೆ ಉಳಿಸೋಕೆ ನನ್ನ ತೆರಿಗೆ ಯಾಕೆ?

ಪ್ರಶ್ನೆ: ಹೋದ ತಿಂಗಳು ಮೈಸೂರಿಗೆ ಹೋಗುವಾಗ ಚನ್ನಪಟ್ಟಣದಲ್ಲಿ ನಿಲ್ಲಿಸಿ ಮಗಳಿಗೆ ಒಂದು ಮರದ ರೈಲು ಕೊಂಡೆವು. 600 ರೂಪಾಯಿ. ಅದೇ ಅಳತೆಯ ಪ್ಲಾಸ್ಟಿಕ್ ರೈಲು ಬ್ಯಾಟರಿ ಸಮೇತ 250ಕ್ಕೆ ಸಿಗುತ್ತದೆ. ಬಿಲ್ ಬರೆಯುತ್ತಾ ಅಂಗಡಿಯವರು ‘ಸರ್ಕಾರ ನಮ್ಮ ಕೈ ಹಿಡೀಬೇಕು’ ಅಂದರು. ಟೈಪ್‌ರೈಟರ್ ಹೋಯಿತು, ಎಸ್‌ಟಿಡಿ ಬೂತ್ ಹೋಯಿತು, ಯಾರೂ ಕೈ ಹಿಡಿಯಲಿಲ್ಲ. ಜನ ಕೊಳ್ಳದ ವಸ್ತುವನ್ನು ನನ್ನ ತೆರಿಗೆ ದುಡ್ಡಲ್ಲಿ ಯಾಕೆ ಉಳಿಸಬೇಕು? ಭಾವನೆಯ ಮಾತು ಬಿಟ್ಟು ಲೆಕ್ಕದಲ್ಲಿ ಹೇಳುತ್ತೀರಾ?

ಉತ್ತರ: ನೇರವಾಗಿ ಕೇಳಿದ್ದೀರಿ, ಖುಷಿಯಾಯಿತು. ನಮ್ಮಂಥವರು ‘ಪರಂಪರೆ’, ‘ಸಂಸ್ಕೃತಿ’ ಅಂತ ಶುರು ಮಾಡಿದ ಕೂಡಲೇ ಎದುರಿಗಿರುವವರು ಜೇಬಿನಿಂದ ಮೊಬೈಲ್ ತೆಗೆಯುತ್ತಾರೆ. ಕುಶಲಕರ್ಮಿಗಳ ಜೊತೆ ಕೆಲಸ ಮಾಡುತ್ತಾ ಇಪ್ಪತ್ತು ವರ್ಷವಾಯಿತು, ಇದು ನನಗೆ ರೂಢಿಯಾಗಿದೆ. ಹಾಗಾಗಿ ಆ ಎರಡು ಪದಗಳನ್ನು ಪಕ್ಕಕ್ಕಿಟ್ಟೇ ಉತ್ತರ ಕೊಡಲು ನೋಡುತ್ತೇನೆ.

ಮೊದಲು ನಿಮ್ಮ ರೈಲನ್ನೇ ತೆಗೆದುಕೊಳ್ಳೋಣ. ಅದರ ಚಕ್ರ ಇದೆಯಲ್ಲ, ಹಳದಿ ಅಂಚಿಗೆ ಕೆಂಪು ಪಟ್ಟಿ ಇರುವುದು, ಅದನ್ನು ಬ್ರಷ್ ಹಿಡಿದು ಬಣ್ಣ ಬಳಿದು ಮಾಡುವುದಿಲ್ಲ. ಹಾಲೆ ಮರದ ತುಂಡನ್ನು ತಿಂಗಳುಗಟ್ಟಲೆ ಒಣಗಿಸುತ್ತಾರೆ. ಚನ್ನಪಟ್ಟಣದವರ ಬಾಯಲ್ಲಿ ಅದು ಆಲೆ ಮರ. ಬಿಳಿ ಬಣ್ಣ, ಒತ್ತಾದ ಎಳೆ, ಉಳಿಗೆ ಬೆಣ್ಣೆಯಂತೆ ಕೊಡುತ್ತದೆ. ಒಣಗಿದ ತುಂಡನ್ನು ಲೇತ್‌ಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿ ಕೊಟ್ಟು ರೂಪ ತೆಗೆಯುತ್ತಾರೆ. ಆಮೇಲೆ ಬಣ್ಣ ಸೇರಿಸಿದ ಅರಗಿನ ಕಡ್ಡಿಯನ್ನು ಅದರ ಮೇಲೆ ಒತ್ತುತ್ತಾರೆ. ತಿರುಗುವ ಮರಕ್ಕೆ ಉಜ್ಜಿ ಹುಟ್ಟುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒತ್ತು ಕಡಿಮೆಯಾದರೆ ತೇಪೆ ತೇಪೆಯಾಗಿ ಕೂರುತ್ತದೆ, ಜಾಸ್ತಿಯಾದರೆ ಸುಟ್ಟು ಕಪ್ಪಾಗುತ್ತದೆ. ಕೊನೆಗೆ ತಾಳೆ ಗರಿ ಹಿಡಿದು ಉಜ್ಜಿದರೆ, ಅಲ್ಲಿಯವರೆಗೆ ಮಂಕಾಗಿದ್ದ ಬಣ್ಣ ಒಂದೇ ಸಲಕ್ಕೆ ಹೊಳೆಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಆ ಕ್ಷಣ ಬೇಜಾರಾಗಿಲ್ಲ.

ಅಲ್ಲಿಯ ಹಿರಿಯರೊಬ್ಬರನ್ನು ಒಮ್ಮೆ ಕೇಳಿದ್ದೆ, ‘ಚಾಚಾ, ಒತ್ತು ಎಷ್ಟು ಅಂತ ಹೇಗೆ ಗೊತ್ತಾಗುತ್ತೆ?’ ಅವರು ಲೇತ್ ನಿಲ್ಲಿಸದೆಯೇ ಹೇಳಿದರು: ‘ಕಿವೀಲಿ ಗೊತ್ತಾಗುತ್ತೆ ಮೇಡಂ. ಸದ್ದು ಬದಲಾಗುತ್ತೆ. ಹುಡುಗರಿಗೆ ಈ ಸದ್ದು ಕಿವಿಗೆ ಬೀಳೋಕೇ ಎರಡು ವರ್ಷ ಬೇಕು.’ ಅವರ ಮಗ ಬಿಡದಿಯ ಕಾರ್ಖಾನೆಯೊಂದಕ್ಕೆ ಹೋಗುತ್ತಾನೆ. ಆ ಎರಡು ವರ್ಷ ಅವನ ಊಟ ಯಾರು ಹಾಕುತ್ತಿದ್ದರು? ಈ ಪ್ರಶ್ನೆಯನ್ನು ಸ್ವಲ್ಪ ಇಟ್ಟುಕೊಂಡಿರಿ, ಮತ್ತೆ ಬರುತ್ತೇನೆ.

ನಿಮ್ಮ ಮಾತಿನ ಹಿಂದೆ ಒಂದು ನಂಬಿಕೆ ಇದೆ. ಸರ್ಕಾರ ಈಗ ದೂರ ನಿಂತಿದೆ, ಕುಶಲಕರ್ಮಿ ಮತ್ತು ಗಿರಾಕಿ ಇಬ್ಬರೇ ಮಾರುಕಟ್ಟೆಯಲ್ಲಿದ್ದಾರೆ, ಈಗ ಸರ್ಕಾರವನ್ನು ಹೊಸದಾಗಿ ಒಳಗೆ ಕರೆಯಬೇಕೋ ಬೇಡವೋ ಅನ್ನುವುದಷ್ಟೇ ಪ್ರಶ್ನೆ, ಅಂತ. ನಿಜ ಹಾಗಿಲ್ಲ. ಸರ್ಕಾರ ಆ ಲೇತ್‌ನ ಪಕ್ಕದಲ್ಲೇ ಕೂತಿದೆ.

ಮರ ನೋಡಿ. ಕಾಡಿನಿಂದ ಬಂದರೆ ಅರಣ್ಯ ಇಲಾಖೆಯ ಕಾಗದ ಬೇಕು. ಗಂಧದ ಕೆತ್ತನೆ ಮಾಡುವ ಸಾಗರ, ಸೊರಬದ ಗುಡಿಗಾರರ ಕಥೆ ಇನ್ನೂ ಬಿಗಿ. 1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷ ಅಂತ ಸಾರಿದ. ಅಲ್ಲಿಂದ ಮುಂದೆ, ನಿಮ್ಮ ಹಿತ್ತಲಲ್ಲೇ ಬೆಳೆದರೂ ಅದು ಸರ್ಕಾರದ ಸೊತ್ತು. ಕರ್ನಾಟಕದಲ್ಲಿ ಬೆಳೆದವನಿಗೇ ಮರದ ಹಕ್ಕು ಸಿಕ್ಕಿದ್ದು 2001ರ ತಿದ್ದುಪಡಿಯಲ್ಲಿ. ಅಂದರೆ ಇನ್ನೂರು ವರ್ಷ ಗುಡಿಗಾರನ ಉಳಿಗೆ ಮರ ಸಿಗಬೇಕೋ ಬೇಡವೋ ಅಂತ ತೀರ್ಮಾನ ಮಾಡಿದ್ದು ಸರ್ಕಾರ. ಮೈಸೂರಿನ ಮರದ ಒಳಕೆತ್ತನೆಗೆ ಬೀಟೆ ಬೇಕು. ಬೀಟೆ ಇರುವ ಇಡೀ ಕುಲವನ್ನೇ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ 2016ರಲ್ಲಿ ನಿಯಂತ್ರಣದ ಪಟ್ಟಿಗೆ ಹಾಕಿತು. ಮರದ ಸಾಮಾನು ಹೊರದೇಶಕ್ಕೆ ಕಳಿಸುವವರ ಉಸಿರು ಕಟ್ಟಿತು. 2022ರಲ್ಲಿ ಭಾರತ ಸರ್ಕಾರ ಪನಾಮದ ಸಭೆಯಲ್ಲಿ ಕೂತು ವಾದ ಮಾಡಿದ ಮೇಲೆ, ಅದೇ ಕುಲದ ಶಿಶಮ್ ಮರದ ಸಣ್ಣ ವಸ್ತುಗಳಿಗೆ, ಒಂದೊಂದೂ ಹತ್ತು ಕೆ.ಜಿ.ಯೊಳಗಿದ್ದರೆ, ದಾರಿ ಸಲೀಸಾಯಿತು. ಈ ವಾದವನ್ನು ಒಬ್ಬ ಬಡಗಿ ಪನಾಮಕ್ಕೆ ಹೋಗಿ ಮಾಡೋಕಾಗುತ್ತಾ?

ರಸ್ತೆ ನೋಡಿ. ಬೆಂಗಳೂರು–ಮೈಸೂರು ಹಳೇ ಹೆದ್ದಾರಿ ಚನ್ನಪಟ್ಟಣದ ಮಧ್ಯದಲ್ಲೇ ಹಾದುಹೋಗುತ್ತದೆ. ಎರಡೂ ಕಡೆ ಗೊಂಬೆ ಅಂಗಡಿ. ಮಗು ಕಿಟಕಿಯಿಂದ ಕುದುರೆ ತೋರಿಸುತ್ತದೆ, ಅಪ್ಪ ಬ್ರೇಕ್ ಹಾಕುತ್ತಾನೆ, ವ್ಯಾಪಾರ ಅಷ್ಟೆ. 2023ರ ಮಾರ್ಚ್‌ನಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದು ಊರನ್ನು ಬಳಸಿಕೊಂಡು ಹೊರಗಿನಿಂದ ಹೋಗುತ್ತದೆ. ಕಿಟಕಿಯಿಂದ ಕಾಣುವ ಕುದುರೆ ಹೋಯಿತು. ರಸ್ತೆ ಬೇಡ ಅಂತ ನಾನು ಹೇಳುತ್ತಿಲ್ಲ, ನಾನೂ ಅದರಲ್ಲೇ ಓಡಾಡುತ್ತೇನೆ. ಆದರೆ ಅಂಗಡಿಯವರ ಗಿರಾಕಿ ಕಡಿಮೆಯಾಗಿದ್ದನ್ನು ‘ಜನಕ್ಕೆ ಬೇಡವಾಯಿತು’ ಅಂತ ಓದಿದರೆ ತಪ್ಪಾಗುತ್ತದೆ.

ನಿಮ್ಮ 250 ರೂಪಾಯಿಯ ಪ್ಲಾಸ್ಟಿಕ್ ರೈಲಿನ ಬೆಲೆಯಲ್ಲೂ ಸರ್ಕಾರದ ಕೈ ಇದೆ. ಆಮದು ಆಟಿಕೆಗಳ ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಈ ನಡುವೆ, 2021ರ ಜನವರಿ 1ರಿಂದ, ಎಲ್ಲ ಆಟಿಕೆಗೂ ಐಎಸ್‌ಐ ಗುರುತು ಕಡ್ಡಾಯವಾಯಿತು. ಮಕ್ಕಳ ಬಾಯಿಗೆ ಹೋಗುವ ವಸ್ತು, ಪರೀಕ್ಷೆ ಆಗಲೇಬೇಕು, ಒಳ್ಳೆಯದೇ. ಆದರೆ ಮನೆ ಮುಂದಿನ ಶೆಡ್‌ನಲ್ಲಿ ಎರಡು ಲೇತ್ ಇಟ್ಟುಕೊಂಡವರು ಪ್ರಯೋಗಾಲಯ ಎಲ್ಲಿಂದ ತರಬೇಕು? ಗಲಾಟೆಯಾಯಿತು. ಜಾರಿಗೆ ಬರುವ ಮುನ್ನ, 2020ರ ಡಿಸೆಂಬರ್‌ನಲ್ಲಿ, ಒಂದು ತಿದ್ದುಪಡಿ ಬಂತು. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೂ, ಜಿಐ, ಅಂದರೆ ಊರಿನ ಹೆಸರು ಕಾಯುವ ಭೌಗೋಳಿಕ ಸೂಚಕದ ಗುರುತು ಇರುವ ಆಟಿಕೆಗಳಿಗೂ ವಿನಾಯಿತಿ. ಚನ್ನಪಟ್ಟಣ ಬಚಾವಾಯಿತು. ಒಂದು ಪ್ಯಾರಾ ಸರ್ಕಾರಿ ಭಾಷೆ, ಅಷ್ಟರಲ್ಲಿ ಒಂದು ಊರಿನ ಹಣೆಬರಹ.

ಆ ಒಂದು ಪ್ಯಾರಾ ಉಲ್ಟಾ ಹೊಡೆದರೆ ಏನಾಗುತ್ತದೆ ಅನ್ನುವುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವ ಖಾದಿ ಸಂಘ ಇದೆ, ಗೊತ್ತಿರಬಹುದು. ಬಾಗಲಕೋಟೆ ಕಡೆ ನೂತು ನೇಯ್ದ ಬಟ್ಟೆ ಅಲ್ಲಿಗೆ ಬರುತ್ತದೆ, ಬಣ್ಣ, ಕತ್ತರಿ, ಹೊಲಿಗೆ, ಚಕ್ರದ ಅಚ್ಚು ಎಲ್ಲ ಅಲ್ಲಿ. ಕೆಲಸ ಮಾಡುವವರಲ್ಲಿ ಹೆಂಗಸರೇ ಜಾಸ್ತಿ. ದೇಶದ ಮಾನಕ ಸಂಸ್ಥೆಯ ದಾಖಲೆಯಲ್ಲಿ ಐಎಸ್ 1, ಅಂದರೆ ಮೊಟ್ಟಮೊದಲ ಸಂಖ್ಯೆಯ ಮಾನಕ ಯಾವುದು ಹೇಳಿ? ಸಿಮೆಂಟಲ್ಲ, ಕಬ್ಬಿಣವಲ್ಲ. ರಾಷ್ಟ್ರಧ್ವಜ. ಎಳೆ ಎಷ್ಟು, ತೂಕ ಎಷ್ಟು, ಬಣ್ಣ ಬಿಸಿಲಿಗೆ ಎಷ್ಟು ತಡೆಯಬೇಕು, ಎಲ್ಲ ಬರೆದಿದೆ. ಒಂದು ಎಳೆ ಲೆಕ್ಕ ತಪ್ಪಿದರೂ ತುಂಡು ವಾಪಸ್. ಧ್ವಜ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಖಾದಿಯದ್ದೇ ಆಗಿರಬೇಕು ಅನ್ನುವುದು ಆಗ ನಿಯಮವಾಗಿತ್ತು. ಆ ನಿಯಮವೇ ಅವರ ಮಾರುಕಟ್ಟೆಯಾಗಿತ್ತು.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಯಿತು. ಯಂತ್ರದಲ್ಲಿ ಮಾಡಿದ್ದೂ ಆಗಬಹುದು, ಪಾಲಿಯೆಸ್ಟರ್ ಕೂಡ ಆಗಬಹುದು. ಮುಂದಿನ ಆಗಸ್ಟ್‌ನಲ್ಲಿ ‘ಹರ್ ಘರ್ ತಿರಂಗಾ’. ಮನೆಮನೆಯಲ್ಲೂ ಬಾವುಟ ಹಾರಿದ ಆ ವರ್ಷವೇ ಬೆಂಗೇರಿಯವರು ಪಾಲಿಯೆಸ್ಟರ್ ವಿರುದ್ಧ ಪ್ರತಿಭಟನೆಗೆ ಕೂತರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಹಾಗಾಯಿತು. ಎಲ್ಲರಿಗೂ ಅಗ್ಗದ ಬಾವುಟ ಸಿಗಬೇಕು ಅನ್ನುವ ವಾದದಲ್ಲೂ ಹುರುಳಿದೆ, ಒಪ್ಪುತ್ತೇನೆ. ಮನೆಗೆ ಪಾಲಿಯೆಸ್ಟರ್ ಇರಲಿ, ಸರ್ಕಾರಿ ಕಟ್ಟಡಕ್ಕೆ ಖಾದಿಯೇ ಆಗಲಿ ಅಂತ ಒಂದು ಸಾಲು ಸೇರಿಸಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಸೇರಿಸಲಿಲ್ಲ, ಅಷ್ಟೆ.

ಹಾಗಾಗಿ ‘ಸರ್ಕಾರ ನೆರವಾಗಬೇಕಾ’ ಅನ್ನುವ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸಿ ಕೇಳುತ್ತೇನೆ. ಮರ, ರಸ್ತೆ, ಸುಂಕ, ಮಾನಕ, ತೆರಿಗೆ, ಎಲ್ಲದರಲ್ಲೂ ಕೈಯಿಟ್ಟವರು, ಕೈ ಇಟ್ಟ ಕಡೆ ಕುಶಲಕರ್ಮಿ ಇದ್ದಾನೆ ಅಂತ ನೆನಪಿಟ್ಟುಕೊಳ್ಳಬೇಕಾ ಬೇಡವಾ? ನೆನಪಿಟ್ಟುಕೊಳ್ಳುವುದಕ್ಕೆ ಹೆಚ್ಚಿನ ಕಡೆ ನಿಮ್ಮ ತೆರಿಗೆಯ ಒಂದು ಪೈಸೆಯೂ ಖರ್ಚಾಗುವುದಿಲ್ಲ.

ಇನ್ನು ‘ಮಾರುಕಟ್ಟೆಗೇ ಬಿಡಿ’ ಅನ್ನುವುದು. ಈ ಕಲೆಗಳು ಯಾವ ಕಾಲದಲ್ಲಿ ಬರೀ ಸಂತೆಯನ್ನು ನಂಬಿ ಬದುಕಿದ್ದವು? ಟಿಪ್ಪು ಪರ್ಷಿಯಾದಿಂದ ಕುಶಲಿಗಳನ್ನು ಕರೆಸಿದ ಅನ್ನುವುದು ಚನ್ನಪಟ್ಟಣದ ಮಾತು. ಬೀದರಿನ ಬಿದರಿ ಕೆಲಸ ಬಹಮನಿ ಸುಲ್ತಾನರ ಕಾಲದಿಂದ ಬಂದದ್ದು. ಇಲ್ಲೊಂದು ವಿಷಯ ನಾವು ಮರೆಯುತ್ತೇವೆ. ಅರಮನೆ ಸಬ್ಸಿಡಿ ಕೊಡುತ್ತಿರಲಿಲ್ಲ. ಅರಮನೆ ಕೊಳ್ಳುತ್ತಿತ್ತು. ಅದು ದಾನಿಯಲ್ಲ, ಗಿರಾಕಿ. ಅದೂ ಎಂಥ ಗಿರಾಕಿ? ಕೆಲಸದ ಮರ್ಮ ಗೊತ್ತಿದ್ದು, ಸರಿಯಿಲ್ಲದಿದ್ದರೆ ವಾಪಸ್ ಕಳಿಸುವ ಗಿರಾಕಿ. ಅರಮನೆಗಳು ಹೋದವು, ಆ ಗಿರಾಕಿಯೂ ಹೋದ. ಆ ಜಾಗಕ್ಕೆ ಯಾರು ಬರಬೇಕು ಅನ್ನುವುದನ್ನು ಸ್ವಾತಂತ್ರ್ಯ ಬಂದ ಹೊಸದರಲ್ಲೇ ಯೋಚಿಸಿದವರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಮುಖ್ಯರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾದಾಗ ಅದನ್ನು ಮುನ್ನಡೆಸಿದ್ದು ಅವರೇ. 1964ರಲ್ಲಿ ನಮ್ಮ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಬಂತು. ಎಂ.ಜಿ. ರಸ್ತೆಯ ‘ಕಾವೇರಿ’ ಮಳಿಗೆ ಅದರದ್ದೇ. ಕಮಲಾದೇವಿಯವರು ಕಟ್ಟಿದ ಆ ಮಂಡಳಿಯನ್ನು ಕೇಂದ್ರ 2020ರ ಆಗಸ್ಟ್‌ನಲ್ಲಿ ರದ್ದು ಮಾಡಿತು. ಕೊನೆಕೊನೆಗೆ ಅದು ಹೆಸರಿಗಷ್ಟೇ ಇತ್ತು ಅನ್ನುವವರಿದ್ದಾರೆ, ಇರಬಹುದು. ಆದರೂ ಕುಶಲಕರ್ಮಿಗಳ ಮಾತು ದೆಹಲಿಗೆ ಮುಟ್ಟುವ ಒಂದು ಕಿಟಕಿ ಅದು. ಧೂಳು ಹಿಡಿದ ಕಿಟಕಿಯನ್ನು ಒರೆಸುವುದು ಬಿಟ್ಟು ಗೋಡೆ ಕಟ್ಟಿದಂತಾಯಿತು ಅಂತ ನನಗನ್ನಿಸಿತು.

ಟೈಪ್‌ರೈಟರ್ ಮಾತಿಗೆ ಬರುತ್ತೇನೆ. ನಾಳೆ ಯಾರಿಗಾದರೂ ಟೈಪ್‌ರೈಟರ್ ಬೇಕೇಬೇಕು ಅಂದರೆ ಮಾಡಬಹುದು. ನಕ್ಷೆ ಇದೆ, ಹಳೇ ಯಂತ್ರ ಬಿಚ್ಚಿ ನೋಡಬಹುದು, ಅಳತೆ ಹಿಡಿಯಬಹುದು. ಕೈಕೆಲಸಕ್ಕೆ ಅಂಥ ನಕ್ಷೆ ಇಲ್ಲ. ಬೀದರಿಗೆ ಹೋಗಿ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ, ಸಾಮಾನ್ಯವಾಗಿ 16ಕ್ಕೆ 1ರಂತೆ, ಎರಕ ಹೊಯ್ಯುತ್ತಾರೆ. ಅರ ಹಾಕಿ ನಯ ಮಾಡಿ, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ, ಗೆರೆ ಎದ್ದು ಕಾಣಲಿ ಅಂತ. ಸಣ್ಣ ಉಳಿಯಲ್ಲಿ ಬಳ್ಳಿ, ಹೂವು ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಉಜ್ಜಿದಾಗ ಎಲ್ಲ ಒಂದೇ ಬೂದು ಬಣ್ಣ, ಯಾವುದು ಬೆಳ್ಳಿ ಯಾವುದು ಸತು ಅಂತಲೇ ಗೊತ್ತಾಗುವುದಿಲ್ಲ. ಆಮೇಲೆ ಬರುತ್ತದೆ ಮಣ್ಣು. ಬೀದರ್ ಕೋಟೆಯ ಹಳೇ ಭಾಗದಲ್ಲಿ, ಬಿಸಿಲು ಮಳೆ ಮುಟ್ಟದ ಜಾಗದ ಮಣ್ಣು. ಅದನ್ನು ನವಸಾಗರದ ಜೊತೆ ನೀರಲ್ಲಿ ಕುದಿಸಿ ಹೂಜಿಗೆ ಹಚ್ಚಿದರೆ ಸತುವೆಲ್ಲ ಕಡುಕಪ್ಪು, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಸರಿಯಾದ ಮಣ್ಣು ಯಾವುದು? ಹಿರಿಯರು ಒಂದು ಚಿಟಿಕೆ ನಾಲಿಗೆಗೆ ಹಾಕಿ ನೋಡಿ ಹೇಳುತ್ತಾರೆ. ಆ ನಾಲಿಗೆ ಹೋದ ಮೇಲೆ ಮ್ಯೂಸಿಯಂನ ಹೂಜಿ ಇಟ್ಟುಕೊಂಡು ಏನು ಮಾಡುತ್ತೀರಿ?

ಕಳೆದುಕೊಂಡ ಮೇಲೆ ಹುಡುಕುವುದು ಎಷ್ಟು ದುಬಾರಿ ಅಂತ ಢಾಕಾದವರನ್ನು ಕೇಳಬೇಕು. ಅಲ್ಲಿಯ ಮಸ್ಲಿನ್ ಬಟ್ಟೆ ಕಂಪನಿ ಆಡಳಿತದ ಕಾಲದಲ್ಲಿ ನೆಲಕಚ್ಚಿತು. ಅದರ ಜೊತೆ ಅದಕ್ಕೆ ಬೇಕಾದ ಹತ್ತಿ ತಳಿಯೂ ಕಣ್ಮರೆಯಾಯಿತು, ನೂಲುವ ಬೆರಳುಗಳೂ ಹೋದವು. ನೂರಕ್ಕೂ ಹೆಚ್ಚು ವರ್ಷಗಳ ನಂತರ ಬಾಂಗ್ಲಾದೇಶ ಸರ್ಕಾರ ಯೋಜನೆ ಹಾಕಿ, ಗಿಡ ಹುಡುಕಿಸಿ, ನೂಲುವವರಿಗೆ ಮೊದಲಿನಿಂದ ತರಬೇತಿ ಕೊಡಿಸಿ ಅದನ್ನು ಮತ್ತೆ ಹುಟ್ಟಿಸಬೇಕಾಯಿತು. ಸಾಯದಂತೆ ನೋಡಿಕೊಳ್ಳುವ ಖರ್ಚು ಇದರ ಮುಂದೆ ಚಿಲ್ಲರೆ. ಜಪಾನಿನವರು ಈ ವಿಷಯದಲ್ಲಿ ಜಾಣರು. ಇಸೆ ಅನ್ನುವಲ್ಲಿನ ಮರದ ದೇವಾಲಯವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸದಾಗಿ ಕಟ್ಟುತ್ತಾರೆ. ಒಬ್ಬ ಬಡಗಿ ಹುಡುಗನಾಗಿ ಕಲಿತು, ಮುಂದಿನ ಸಲ ಮಾಡಿ, ಅದರ ಮುಂದಿನ ಸಲ ಕಲಿಸುವಷ್ಟು ಅಂತರ ಅದು. ಅಲ್ಲಿ ಕರಕುಶಲಕ್ಕೆ ಅಂತಲೇ 1974ರಿಂದ ಒಂದು ಕಾನೂನೂ ಇದೆ.

ಈಗ ಆ ಬಾಕಿ ಪ್ರಶ್ನೆ. ಕಲಿಯುವ ಎರಡು ವರ್ಷ ಊಟ ಯಾರು ಹಾಕಬೇಕು?

ನೀವು ಲೆಕ್ಕ ಕೇಳಿದ್ದಿರಲ್ಲ, ನನ್ನ ಪ್ರಕಾರ ಇಡೀ ಲೆಕ್ಕ ಇಲ್ಲೇ ಇದೆ. ಹದಿನೆಂಟು ವರ್ಷದ ಹುಡುಗ ಇವತ್ತು ಬೈಕ್ ತಗೊಂಡು ಡೆಲಿವರಿಗೆ ಇಳಿದರೆ ಸಂಜೆಗೇ ದುಡ್ಡು. ಲೇತ್ ಮುಂದೆ ಕೂತರೆ ಮೊದಲ ಆರು ತಿಂಗಳು ಅವನು ಹಾಳು ಮಾಡುವ ಮರವೇ ಜಾಸ್ತಿ. ಆ ನಷ್ಟ ಉಸ್ತಾದರ ತಲೆ ಮೇಲೆ. ಕಲಿತ ಮೇಲೆ ಹುಡುಗ ಬೇರೆ ಕಡೆ ಹೋದರೆ ಉಸ್ತಾದರಿಗೆ ಏನೂ ಬರುವುದಿಲ್ಲ. ಕಂಪನಿಯಾದರೆ ಪೇಟೆಂಟ್ ಮಾಡಿಸುತ್ತದೆ, ಕಾಂಟ್ರ್ಯಾಕ್ಟ್ ಬರೆಸಿಕೊಳ್ಳುತ್ತದೆ. ಉಸ್ತಾದರ ಹತ್ತಿರ ಅದೆಲ್ಲ ಇಲ್ಲ. ಹಾಗಾಗಿ ಅವರು ಕಲಿಸುವುದನ್ನೇ ನಿಲ್ಲಿಸುತ್ತಾರೆ. ಕಲಿತದ್ದರ ಲಾಭ ಊರಿಗೆಲ್ಲ, ಕಲಿಸುವ ಖರ್ಚು ಒಬ್ಬರಿಗೆ. ಇಂಥ ಕಡೆ ಮಾರುಕಟ್ಟೆ ಕೆಲಸ ಮಾಡುವುದಿಲ್ಲ ಅನ್ನುವುದು ಎಡಪಂಥ ಬಲಪಂಥದ ಮಾತಲ್ಲ. ಇಂಜಿನಿಯರಿಂಗ್ ಕಾಲೇಜಿಗೆ, ಐಟಿಐಗೆ ಸರ್ಕಾರ ದುಡ್ಡು ಹಾಕುವುದೂ ಇದೇ ಕಾರಣಕ್ಕೆ. ಆ ಖರ್ಚನ್ನು ನಾವು ಯಾರೂ ‘ಉಳಿಸುವುದು’ ಅನ್ನುವುದಿಲ್ಲ, ಶಿಕ್ಷಣ ಅನ್ನುತ್ತೇವೆ.

ಈ ಕೆಲಸ ನಂಬಿಕೊಂಡವರು ಎಷ್ಟು ಜನ ಅನ್ನುವುದೂ ಲೆಕ್ಕದ ಭಾಗ. 2019–20ರ ಕೈಮಗ್ಗ ಗಣತಿ ಪ್ರಕಾರ ನೇಕಾರರು ಮತ್ತು ಜೊತೆ ಕೆಲಸದವರು ಸೇರಿ 35 ಲಕ್ಷ ಜನ. ಇದು ಬರೀ ಕೈಮಗ್ಗದ ಲೆಕ್ಕ; ಗೊಂಬೆ, ಬಿದರಿ, ಕಸೂತಿ ಬೇರೆ. ಆ 35 ಲಕ್ಷದಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಹೆಂಗಸರು. ಮನೆ ಬಿಟ್ಟು ಹೋಗಲಾಗದ, ಮಗು ಮಲಗಿದಾಗ ಒಂದು ಗಂಟೆ, ಸಂಜೆ ಒಂದು ಗಂಟೆ ಕೆಲಸ ಮಾಡುವವರು. ಅದೇ ಗಣತಿಯಲ್ಲಿ ಇನ್ನೊಂದು ಸಂಖ್ಯೆ ಇದೆ. ಮೂರರಲ್ಲಿ ಎರಡು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಈ ಜನ ಮಗ್ಗ ಬಿಟ್ಟು ನಗರಕ್ಕೆ ಬಂದರೆ ಅವರಿಗೆ ಕೆಲಸ, ನೀರು, ಸೂರು ಹೊಂದಿಸುವುದಕ್ಕೂ ನಿಮ್ಮ ತೆರಿಗೆಯೇ ಬೇಕು, ಅಲ್ವಾ?

ಇಷ್ಟು ಹೇಳಿದ ಮೇಲೆ ನಿಮ್ಮ ಅನುಮಾನದ ಪರವಾಗಿಯೂ ಮಾತಾಡಬೇಕು. ಸರ್ಕಾರದ ನೆರವು ಅಂತ ನಡೆಯುವುದರಲ್ಲಿ ದುಡ್ಡು ಹಾಳು ಮಾಡುವುದು ಬೇಕಾದಷ್ಟಿದೆ. ಮೇಳ ಮಾಡುತ್ತಾರೆ. ಶಾಮಿಯಾನ, ದೀಪ ಬೆಳಗಿಸುವುದು, ಹಾರ ತುರಾಯಿ, ಉದ್ಘಾಟನೆ ಮುಗಿಯುವಷ್ಟರಲ್ಲಿ ಮಧ್ಯಾಹ್ನ. ಮೂರು ದಿನ ಕೂತು ಬಸ್ ಚಾರ್ಜ್ ದುಡಿದುಕೊಂಡು ಹೋದವರನ್ನು ನೋಡಿದ್ದೇನೆ. ತರಬೇತಿ ಶಿಬಿರ ಅಂತ ನಲವತ್ತು ಹೆಸರು ಬರೆಯುತ್ತಾರೆ, ಭತ್ಯೆ ಮುಗಿದ ದಿನ ನಲವತ್ತೂ ಮಾಯ. ಪ್ರಶಸ್ತಿ ಕೊಡುತ್ತಾರೆ. ಗೋಡೆ ಮೇಲೆ ತಾಮ್ರಪತ್ರ, ಕೆಳಗೆ ಸೋರುವ ಸೂರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ಕಚೇರಿಯವರು, ಯಾವುದು ಅನ್ನುವುದು ಬೇಡ, ದೊಡ್ಡ ಸಮಾರಂಭಕ್ಕೆ ಎರಡು ಸಾವಿರ ಸ್ಮರಣಿಕೆ ಬೇಕು, ಸ್ಥಳೀಯ ಕರಕುಶಲವೇ ಆಗಲಿ ಅಂತ ನನ್ನನ್ನು ಕರೆದರು. ನಾನು ಕುಣಿದುಕೊಂಡು ಹೋದೆ. ಹನ್ನೊಂದು ಕುಟುಂಬಕ್ಕೆ ಎರಡು ತಿಂಗಳು ಕೆಲಸ. ಮಾದರಿ ಮಾಡಿಸಿ ಕೊಟ್ಟೆವು, ಮೆಚ್ಚಿದರು. ಆಮೇಲೆ ಟೆಂಡರ್ ಕರೆದರು. ನಿಯಮ ಅಂದರೆ ನಿಯಮ, ಕಡಿಮೆ ದರ ಹಾಕಿದವರಿಗೆ ಆರ್ಡರ್. ನಮ್ಮ ಮಾದರಿಯನ್ನೇ ನೋಡಿಕೊಂಡು ಯಾರೋ ಯಂತ್ರದಲ್ಲಿ ಹೊಡೆಸಿ, ಸ್ಪ್ರೇ ಪೇಂಟ್ ಮಾಡಿಸಿ ತಂದುಕೊಟ್ಟರು. ಸಮಾರಂಭದಲ್ಲಿ ಅದನ್ನು ಹಂಚುತ್ತಾ ಮೈಕಿನಲ್ಲಿ ‘ನಮ್ಮ ಕುಶಲಕರ್ಮಿಗಳ ಕೈಚಳಕ’ ಅಂತ ಕೊಂಡಾಡಿದರು. ನಾನೂ ಒಂದನ್ನು ಇಸ್ಕೊಂಡು ಬಂದೆ. ಈಗಲೂ ಮೇಜಿನ ಮೇಲಿದೆ. ಬಣ್ಣ ಉದುರುತ್ತಿದೆ.

ಆ ಕಚೇರಿಯಲ್ಲಿ ಯಾರೂ ಕೆಟ್ಟವರಿರಲಿಲ್ಲ. ದುಡ್ಡೂ ಕಡಿಮೆಯಿರಲಿಲ್ಲ. ಟೆಂಡರ್ ಕಾಗದದಲ್ಲಿ ‘ಕೈಯಲ್ಲಿ ಮಾಡಿದ್ದು’ ಅನ್ನುವುದನ್ನು ಪರೀಕ್ಷಿಸುವ ಒಂದು ಸಾಲು ಇರಲಿಲ್ಲ, ಅಷ್ಟೆ. ನಾನು ಪದೇ ಪದೇ ಹೇಳುವುದು ಇದನ್ನೇ. ನೆರವು ಮಾರಾಟದ ಕೌಂಟರ್‌ನಲ್ಲಿ ಬೇಡ. ಅದಕ್ಕಿಂತ ಹಿಂದೆ ಬೇಕು, ಮರದಲ್ಲಿ, ಕಲಿಕೆಯಲ್ಲಿ, ಹೆಸರು ಕಾಯುವುದರಲ್ಲಿ. ಗಿರಾಕಿಗೆ ರಿಯಾಯಿತಿ ಕೊಟ್ಟರೆ ವಸ್ತು ಅಗ್ಗವಾಗುತ್ತದೆ, ಮುಂದಿನ ವರ್ಷ ಪೂರ್ತಿ ಬೆಲೆಗೆ ಯಾರೂ ಕೊಳ್ಳುವುದಿಲ್ಲ.

ಮರದ್ದು ಸುಲಭ. ಚನ್ನಪಟ್ಟಣದ ಸುತ್ತ ಗೋಮಾಳ, ಕೆರೆ ಅಂಗಳ, ರಸ್ತೆ ಬದಿಯಲ್ಲಿ ಹಾಲೆ ಮರ ನೆಡಿಸಲಿ. ಈಗ ಅದು ಸಿಗದೆ ರಬ್ಬರ್ ಮರ, ಸಿಲ್ವರ್ ಓಕ್ ಅಂತ ಸಿಕ್ಕಿದ್ದರಲ್ಲಿ ಮಾಡುತ್ತಾರೆ. ರಸ್ತೆ ಬದಿಗೆ ಅಲಂಕಾರದ ಗಿಡ ನೆಡಲು ಹೇಗೂ ದುಡ್ಡು ಖರ್ಚಾಗುತ್ತದೆ, ಗಿಡ ಬದಲಾದರೆ ಸಾಕು.

ಹೆಸರಿನದು ಕಷ್ಟ. ಚನ್ನಪಟ್ಟಣದ ಗೊಂಬೆ, ಬಿದರಿ, ಇಳಕಲ್ ಸೀರೆ, ಕಸೂತಿ, ಸಂಡೂರಿನ ಲಂಬಾಣಿ ಕಸೂತಿ, ಎಲ್ಲಕ್ಕೂ ಜಿಐ ಇದೆ. ಜಿಐ ಸಿಕ್ಕ ದಿನ ಪತ್ರಿಕೆಯಲ್ಲಿ ಸುದ್ದಿ, ಫೋಟೊ. ಆದರೆ ಜಿಐ ಅನ್ನುವುದು ಕಾವಲುಗಾರನಲ್ಲ, ಬರೀ ಬೀಗ. ಬೀಗ ಒಡೆದವನನ್ನು ಹಿಡಿಯಲು ಯಾರಾದರೂ ಕೋರ್ಟಿಗೆ ಹೋಗಬೇಕು. ಇಳಕಲ್ ನೇಕಾರರ ಮನೆಗೆ ಹೋದರೆ ತೋರಿಸುತ್ತಾರೆ. ಸೀರೆಯ ಒಡಲಿನ ಹಾಸಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಸೀರೆಯನ್ನು ಮಗುಚಿ ಆ ಜೋಡಣೆ ಹುಡುಕಿದರೆ ಕೈಮಗ್ಗದ್ದೋ ಅಲ್ಲವೋ ಗೊತ್ತಾಗುತ್ತದೆ. ಪವರ್‌ಲೂಮ್ ಸೀರೆ ಅದೇ ಬಣ್ಣ, ಅದೇ ಸೆರಗಿನ ಚಿತ್ರ ಹೊತ್ತು ಅರ್ಧ ಬೆಲೆಗೆ ಪಕ್ಕದ ಅಂಗಡಿಯಲ್ಲಿ ‘ಇಳಕಲ್’ ಅಂತಲೇ ನೇತಾಡುತ್ತದೆ. ನೇಕಾರ ಯಾವ ವಕೀಲರ ಫೀಸು ಕಟ್ಟುತ್ತಾನೆ? ಹನ್ನೊಂದು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ ಇನ್ನೂ ಇದೆ. ಅದನ್ನು ಜಾರಿ ಮಾಡಲು ಇನ್‌ಸ್ಪೆಕ್ಟರ್ ಬೇಕು, ಅವರಿಗೆ ಗಾಡಿ ಬೇಕು, ಮನಸ್ಸು ಬೇಕು. ನಿಮ್ಮ ತೆರಿಗೆ ಇಲ್ಲಿ ಖರ್ಚಾದರೆ ನಾನು ಚಪ್ಪಾಳೆ ಹೊಡೆಯುತ್ತೇನೆ.

‘ಸರ್ಕಾರ ಮುಟ್ಟಿದ್ದೆಲ್ಲ ಮಣ್ಣು’ ಅನ್ನುವವರಿಗೆ ಮೈಸೂರು ಸಿಲ್ಕ್ ಅಂಗಡಿ ಮುಂದಿನ ಸಾಲು ತೋರಿಸುತ್ತೇನೆ. 1912ರಲ್ಲಿ ಶುರುವಾದ ಕಾರ್ಖಾನೆ, ಇವತ್ತಿಗೂ ಸರ್ಕಾರದ್ದೇ. ಸೀರೆ ಸಾಲದೆ ಜನ ಬೆಳಿಗ್ಗೆಯೇ ಬಂದು ನಿಲ್ಲುತ್ತಾರೆ. ಅದು ಕೈಮಗ್ಗವಲ್ಲ, ನಿಜ. ಆದರೆ ಜರಿ ಅಸಲಿ, ಹೆಸರು ಅಸಲಿ ಅನ್ನುವ ನಂಬಿಕೆಗೆ ಜನ ಬೆಲೆ ಕೊಡುತ್ತಾರೆ ಅನ್ನುವುದಂತೂ ಅಲ್ಲಿ ಕಾಣುತ್ತದೆ.

ಒಂದು ಆಕ್ಷೇಪ ನೀವು ಎತ್ತಿಲ್ಲ, ನಾನೇ ಎತ್ತುತ್ತೇನೆ. ಯಾಕೆಂದರೆ ನನಗೆ ಅದೇ ಎಲ್ಲಕ್ಕಿಂತ ಗಟ್ಟಿ ಅನ್ನಿಸುತ್ತದೆ. ನಮ್ಮಲ್ಲಿ ಕಸುಬು ಅಂದರೆ ಜಾತಿಯೂ ಹೌದು. ಕಲೆ ಉಳಿಸುತ್ತೇವೆ ಅಂತ ಹೇಳಿ ಕುಂಬಾರನ ಮಗ ಕುಂಬಾರನೇ ಆಗಲಿ ಅನ್ನುವುದು ನೆರವಲ್ಲ, ಬೇಡಿ. ಕೇಂದ್ರದ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್‌ನಲ್ಲಿ ಬಂತು. ಹದಿನೆಂಟು ಕಸುಬು, ತರಬೇತಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000, ಶೇ. 5ರ ಬಡ್ಡಿಗೆ ಸಾಲ. ಒಳ್ಳೆಯ ಅಂಶಗಳಿವೆ. ಆದರೆ ಕುಲಕಸುಬನ್ನು ಗಟ್ಟಿ ಮಾಡುತ್ತದೆ ಅಂತ ತಮಿಳುನಾಡು 2024ರಲ್ಲಿ ಅದನ್ನು ಇದ್ದ ಹಾಗೆ ಒಪ್ಪಲಿಲ್ಲ. ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಚಾಚಾ ಅವರ ಮಗ ಬಿಡದಿಗೆ ಹೋದದ್ದು ನನಗೆ ದುಃಖದ ಸಂಗತಿಯಲ್ಲ. ಅವನಿಗೆ ಪಿಎಫ್ ಇದೆ, ರಜೆ ಇದೆ, ಮಗಳು ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ. ಹೋಗಲಿ. ಆದರೆ ಮಂಡ್ಯದ ಇನ್ಯಾವುದೋ ಹುಡುಗಿಗೆ ಆ ಲೇತ್ ಮುಂದೆ ಕೂರುವ ಆಸೆ ಇದ್ದರೆ, ಅವಳ ಅಪ್ಪ ಯಾರು ಅಂತ ಕೇಳದೆ, ಎರಡು ವರ್ಷ ಸ್ಟೈಪೆಂಡ್ ಕೊಟ್ಟು ಕೂರಿಸುವ ವ್ಯವಸ್ಥೆ ಇರಬೇಕು. ಉಸ್ತಾದರಿಗೆ ಮೇಷ್ಟ್ರ ಸಂಬಳ ಕೊಡಬೇಕು. ಬಿಡದಿ ಕಾರ್ಖಾನೆಗೆ ಹೋಗುವವನೂ, ಅವಳೂ, ಇಬ್ಬರೂ ತಾವೇ ಆರಿಸಿಕೊಂಡಿರಬೇಕು. ಹಾಗೆ ನೋಡಿದರೆ ಕೆಲವು ಕಲೆಗಳು ನೆರವು ಸಿಕ್ಕರೂ ನಿಲ್ಲಲಾರವು. ಅದನ್ನೂ ಒಪ್ಪಿಕೊಳ್ಳಬೇಕು. ಆಗ ಕೊನೆಯ ಉಸ್ತಾದರ ಕೈಗಳನ್ನು ವಿಡಿಯೊದಲ್ಲಿ, ಅಳತೆ ಸಮೇತ, ಸದ್ದು ಸಮೇತ ಹಿಡಿದಿಡುವ ಕೆಲಸವಾದರೂ ಆಗಲಿ.

ಇನ್ನು ನಿಮ್ಮ 600 ಮತ್ತು 250ರ ನಡುವಿನ ಅಂತರ. ಅದರಲ್ಲಿ ಸ್ವಲ್ಪ ತೆರಿಗೆಯದ್ದೂ ಇತ್ತು. 2025ರ ಸೆಪ್ಟೆಂಬರ್ 22ರಿಂದ ಹಲವು ಕರಕುಶಲ ವಸ್ತುಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಉಳಿದ ಅಂತರ ಒಣಗಿಸಿದ ಮರದ್ದು, ಅರಗಿನದು, ಒಬ್ಬರ ಮಧ್ಯಾಹ್ನದ್ದು. ಅದನ್ನು ಕಡಿಮೆ ಮಾಡಬಾರದು, ಮಾಡಿದರೆ ಕೂಲಿಯೇ ಕಡಿಮೆಯಾಗುವುದು.

ಕೊನೆಗೆ ನೀವು ಕೇಳದ ಒಂದು ವಿಷಯ. ಆ ರೈಲನ್ನು ಸ್ಯಾನಿಟೈಸರ್ ಹಾಕಿ ಒರೆಸಬೇಡಿ, ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಬಣ್ಣ ಕೈಗೆ ಬರುತ್ತದೆ. ಒಣ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ, ಹೊಳಪು ಮತ್ತೆ ಬರುತ್ತದೆ. ಚಕ್ರ ಸಡಿಲವಾದರೆ ಬಿಸಾಡಬೇಡಿ, ಕೊಂಡ ಅಂಗಡಿಗೇ ಒಯ್ಯಿರಿ. ಹೆಚ್ಚಿನವರು ಹತ್ತು ನಿಮಿಷದಲ್ಲಿ ಕೂರಿಸಿಕೊಡುತ್ತಾರೆ, ಮಗಳಿಗೆ ಒಂದು ಬುಗುರಿ ಸುಮ್ನೆ ಕೊಟ್ಟರೂ ಕೊಟ್ಟರೇ. ಹಳೇ ರಸ್ತೆಯಲ್ಲೇ ಹೋಗಿ. ಎಕ್ಸ್‌ಪ್ರೆಸ್‌ವೇ ಹಿಡಿದರೆ ಊರು ಸಿಗುವುದಿಲ್ಲ.